ಕಾರಿನ ಗಾಜಿನ ಮೇಲಿನ ಫ್ರಾಸ್ಟ್ ತೆಗೆಯುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ: ಈಡನ್ ಪ್ರೇರಿ, ಮಿನ್ನೆಸೋಟ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಾವು ಮೈಸೂರಿನಿಂದ ಮಿನಿಯಾಪೊಲಿಸ್ ಬಳಿಯ ಈಡನ್ ಪ್ರೇರಿಗೆ ಬಂದಿದ್ದು, ಇದು ನಮ್ಮ ಮೊದಲ ಚಳಿಗಾಲ. ಅಪಾರ್ಟ್‌ಮೆಂಟಿನಲ್ಲಿ ಗ್ಯಾರೇಜ್ ಇಲ್ಲದ ಕಾರಣ ಕಾರು ರಾತ್ರಿಯಿಡೀ ಬಯಲಿನಲ್ಲೇ ನಿಂತಿರುತ್ತದೆ. ಹಿಮ ಬೀಳದಿದ್ದರೂ, ಆಕಾಶ ಶುಭ್ರವಾಗಿದ್ದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಫ್ರಾಸ್ಟ್, ಅಂದರೆ ಮಂಜುಗಡ್ಡೆಯ ಬಿಳಿಯ ಗಟ್ಟಿ ಪದರ ಕೂತಿರುತ್ತದೆ. ಅದನ್ನು ಸ್ಕ್ರೇಪರ್‌ನಿಂದ ಕೆರೆದು ಹೊರಟರೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಜಿನ ಒಳಮೈ ಮಸುಕಾಗಿ ರಸ್ತೆ ಕಾಣದಂತಾಗುತ್ತದೆ. ತೀರಾ ಚಳಿಯಿದ್ದ ದಿನ ಒಳಗಡೆಯೇ ತೆಳುವಾಗಿ ಮಂಜುಗಡ್ಡೆ ಕಟ್ಟುತ್ತದೆ. ಮಗಳನ್ನು ಡೇಕೇರ್‌ಗೆ ಬಿಟ್ಟು ಕಚೇರಿಗೆ ಹೋಗಬೇಕಾದ್ದರಿಂದ ನನಗೆ ಇದು ಆತಂಕದ ವಿಷಯವಾಗಿದೆ. ಪರಿಚಿತರಲ್ಲಿ ಒಬ್ಬರು ಬಿಸಿನೀರು ಸುರಿಯಿರಿ ಎನ್ನುತ್ತಾರೆ, ಇನ್ನೊಬ್ಬರು ವಿನೆಗರ್ ಸಿಂಪಡಿಸಿ ಎನ್ನುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಸೇಂಟ್ ಪಾಲ್, ಮಿನ್ನೆಸೋಟ

ನಮಸ್ಕಾರ ಮೇಡಂ. ಮೊದಲಿಗೆ, ಬಿಸಿನೀರನ್ನು ಖಂಡಿತ ಬಳಸಬೇಡಿ. ಕೊರೆಯುವ ಗಾಜಿನ ಒಂದು ಭಾಗ ಮಾತ್ರ ಥಟ್ಟನೆ ಬಿಸಿಯಾಗಿ ಹಿಗ್ಗಿದಾಗ ಬಿರುಕು ಬಿಡುವ ಸಂಭವವಿದೆ; ಕಲ್ಲು ಸಿಡಿದು ಸಣ್ಣ ಗುರುತು ಬಿದ್ದ ಗಾಜಾದರೆ ಆ ಅಪಾಯ ಇನ್ನೂ ಹೆಚ್ಚು. ಗಾಜು ಉಳಿದರೂ, ಹರಿದಿಳಿದ ನೀರು ವೈಪರ್‌ಗಳ ಬುಡದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ವಿನೆಗರ್‌ನಿಂದಲೂ ಪ್ರಯೋಜನವಿಲ್ಲ. ಅಡುಗೆಮನೆಯ ವಿನೆಗರ್‌ನಲ್ಲಿ ಆಮ್ಲವಿರುವುದು ಸುಮಾರು 5 ಶೇಕಡಾ ಮಾತ್ರ, ಉಳಿದದ್ದು ನೀರು. ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಅದೂ ಹೆಪ್ಪುಗಟ್ಟುತ್ತದೆ.

ಹಿಮ ಬೀಳದ ರಾತ್ರಿಯೂ ಫ್ರಾಸ್ಟ್ ಏಕೆ ಬರುತ್ತದೆ ಎಂಬುದು ತಿಳಿದರೆ ಅರ್ಧ ಕೆಲಸ ಹಿಂದಿನ ಸಂಜೆಯೇ ಮುಗಿಯುತ್ತದೆ. ಮೋಡವಿಲ್ಲದ ರಾತ್ರಿ ಗಾಜು ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದರ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಗಾಳಿಯಲ್ಲಿನ ನೀರಾವಿ ಹನಿಯಾಗದೆ ನೇರವಾಗಿ ಹರಳಾಗಿ ಅಂಟಿಕೊಳ್ಳುತ್ತದೆ. ಆಕಾಶಕ್ಕೆ ಮುಖ ಮಾಡಿ ವಾಲಿಕೊಂಡಿರುವ ಮುಂದಿನ ಗಾಜಿನ ಮೇಲೆ ಪದರ ದಪ್ಪವಾಗಿಯೂ, ನೆಟ್ಟಗಿರುವ ಪಕ್ಕದ ಗಾಜುಗಳ ಮೇಲೆ ತೆಳುವಾಗಿಯೂ ಇರುವುದನ್ನು ನೀವು ಗಮನಿಸಿರಬಹುದು. ಗಾಜಿನ ಮೇಲೆ ಒಂದು ಹೊದಿಕೆ ಹಾಸಿ, ಅದರ ಅಂಚುಗಳನ್ನು ಎರಡೂ ಬಾಗಿಲುಗಳಲ್ಲಿ ಸಿಕ್ಕಿಸಿಟ್ಟರೆ ಸಾಕು, ಬೆಳಿಗ್ಗೆ ಅದನ್ನು ಎಳೆದು ಕೊಡವಿದಾಗ ಕೆಳಗಿನ ಗಾಜು ಬಹುಮಟ್ಟಿಗೆ ಶುಭ್ರವಾಗಿರುತ್ತದೆ. ಹೊದಿಕೆ ಒಣಗಿರಬೇಕು, ಒದ್ದೆಯಾದದ್ದು ಗಾಜಿಗೇ ಕಚ್ಚಿಕೊಳ್ಳುತ್ತದೆ.

ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಸೈಲೆನ್ಸರ್ ಕೊಳವೆಯ ಬಾಯಿ ಹಿಮದಿಂದ ಮುಚ್ಚಿಲ್ಲವೆಂದು ನೋಡಿಕೊಳ್ಳಿ, ಏಕೆಂದರೆ ಅದು ಮುಚ್ಚಿದ್ದರೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ನುಗ್ಗಬಹುದು. ಮಗು ಒಳಗೆ ಕುಳಿತಿರುವಾಗ ಇದನ್ನು ಎಂದೂ ಮರೆಯುವಂತಿಲ್ಲ. ವೈಪರ್ ಸ್ವಿಚ್ ಆಫ್ ಆಗಿದೆಯೇ ಎಂದೂ ನೋಡಿ. ಗಾಜಿಗೆ ಕಚ್ಚಿಕೊಂಡ ವೈಪರ್ ಹಠಾತ್ತನೆ ತಿರುಗಲು ಹೋದರೆ ಅದರ ರಬ್ಬರ್ ಹರಿಯುತ್ತದೆ, ಫ್ಯೂಸ್ ಹೋಗುವುದೂ ಉಂಟು. ಆಮೇಲೆ ಗಾಜಿನತ್ತ ಬಿಸಿಗಾಳಿ ಬಿಡುವ ಡಿಫ್ರಾಸ್ಟ್ ಹಾಕಿ, ಮೊದಲು ಛಾವಣಿಯ ಹಿಮವನ್ನು ಬ್ರಷ್‌ನಿಂದ ಕೆಳಗಿಳಿಸಿ. ಹಾಗೆ ಮಾಡದಿದ್ದರೆ ಬ್ರೇಕ್ ಒತ್ತಿದ ಕೂಡಲೇ ಅದು ಗಾಜಿನ ಮೇಲೆ ಜಾರಿ ಬೀಳುತ್ತದೆ. ನಿಮ್ಮ ಸ್ಕ್ರೇಪರ್‌ನ ಒಂದು ಬದಿಯಲ್ಲಿ ಹಲ್ಲುಗಳಿದ್ದರೆ ಅವು ದಪ್ಪ ಗಡ್ಡೆಗಾಗಿ ಇರುವಂಥವು: ಅವುಗಳಿಂದ ಅಡ್ಡಡ್ಡ ಗೆರೆ ಎಳೆದು ಪದರವನ್ನು ಸಡಿಲಗೊಳಿಸಿ, ನಂತರ ಚಪ್ಪಟೆ ಅಂಚನ್ನು ಓರೆಯಾಗಿ ಹಿಡಿದು ತಳ್ಳಿದರೆ ಗಡ್ಡೆ ಹಾಳೆಹಾಳೆಯಾಗಿ ಏಳುತ್ತದೆ.

ಉತ್ತರ 2: ಟೊರೊಂಟೊ, ಕೆನಡಾ

ಮೇಲಿನವರು ಹೊರಮೈಯ ಬಗ್ಗೆ ಹೇಳಿದ್ದೆಲ್ಲವೂ ಸರಿ. ಆದರೆ ಮೇಡಂ ಅವರ ನಿಜವಾದ ತೊಂದರೆ ಒಳಗಿನ ತೇವ ಎಂದು ನನಗೆ ತೋರುತ್ತದೆ. ಬೂಟಿಗೆ ಅಂಟಿ ಬಂದ ಹಿಮ ಕಾರಿನೊಳಗೆ ಕರಗಿ ಮ್ಯಾಟಿನಲ್ಲಿ ಇಂಗುತ್ತದೆ. ಹೀಟರ್ ಆ ನೀರನ್ನು ಆವಿ ಮಾಡುತ್ತದೆ. ಆ ಆವಿಗೆ ನಮ್ಮ ಉಸಿರಿನ ತೇವವೂ ಸೇರಿ ತಣ್ಣನೆಯ ಗಾಜಿಗೆ ತಗುಲಿ ನಿಲ್ಲುತ್ತದೆ.

ಹೀಟರ್ ಬೇಗ ಬಿಸಿಯಾಗಲೆಂದು ಅನೇಕರು ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಷನ್ ಬಟನ್ ಒತ್ತಿಬಿಡುತ್ತಾರೆ. ಹಾಗೆ ಮಾಡಿದರೆ ತೇವವೆಲ್ಲ ಒಳಗೇ ಉಳಿಯುತ್ತದೆ. ಒಂದು ಘನ ಮೀಟರ್ ಗಾಳಿಯು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಮೈನಸ್ 10ರಲ್ಲಿ ಹೆಚ್ಚೆಂದರೆ ಸುಮಾರು 2 ಗ್ರಾಂ. ಅಂದರೆ ಹೊರಗಿನ ಕೊರೆಯುವ ಗಾಳಿ ಬಹಳ ಒಣಗಿರುತ್ತದೆ. ಅದನ್ನು ಒಳಗೆ ತಂದು ಬಿಸಿ ಮಾಡಿ ಗಾಜಿನತ್ತ ಬಿಟ್ಟರೆ ಅದು ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ರೀಸರ್ಕ್ಯುಲೇಷನ್ ಆಫ್ ಇರಲಿ. ಸೊನ್ನೆಯ ಆಸುಪಾಸಿನ ಅಥವಾ ಮಳೆಯ ದಿನಗಳಲ್ಲಿ ಎಸಿಯನ್ನೂ ಹಾಕಿ. ಚಳಿಯಲ್ಲಿ ಎಸಿ ಏಕೆಂದು ಅನ್ನಿಸಬಹುದು, ಆದರೆ ಗಾಳಿಯ ತೇವವನ್ನು ಇಳಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ವೈಪರ್‌ಗಳ ಬುಡದಲ್ಲಿರುವ ಜಾಲರಿಯಿಂದಲೇ ಹೊರಗಿನ ಗಾಳಿ ಒಳಬರುವುದರಿಂದ ಅಲ್ಲಿ ಹಿಮವನ್ನಾಗಲಿ ಎಲೆಗಳನ್ನಾಗಲಿ ಉಳಿಯಗೊಡಬೇಡಿ.

ಸಂಜೆ ಕಾರು ನಿಲ್ಲಿಸಿದಾಗ ಒದ್ದೆ ಮ್ಯಾಟುಗಳನ್ನು ಮನೆಗೆ ಒಯ್ದು ಒಣಗಿಸಿ, ಬೀಗ ಹಾಕುವ ಮೊದಲು ಬಾಗಿಲುಗಳನ್ನು ಸ್ವಲ್ಪ ಹೊತ್ತು ತೆರೆದು ಒಳಗಿನ ಬೆಚ್ಚನೆಯ ಗಾಳಿಯನ್ನು ಹೊರಬಿಡಿ. ಒಳಗೆ ಕಟ್ಟಿದ ಮಂಜನ್ನು ಕೆರೆಯಲು ಹೋಗದೆ, ಡಿಫ್ರಾಸ್ಟ್‌ನಿಂದ ಕರಗಿಸಿ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದು ಒಳ್ಳೆಯದು.

ಉತ್ತರ 3: ಮ್ಯೂನಿಕ್, ಜರ್ಮನಿ

ಕಾನೂನಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇಣುಕಿ ನೋಡುವಷ್ಟು ಸಣ್ಣ ಕಿಂಡಿಯನ್ನು ಮಾತ್ರ ಕೆರೆದುಕೊಂಡು ಹೊರಡುವವರನ್ನು ಪ್ರತಿ ಚಳಿಗಾಲದಲ್ಲೂ ನೋಡುತ್ತೇನೆ; ರಸ್ತೆ ದಾಟುವ ಶಾಲಾಮಕ್ಕಳು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ಹಾಗೆ ಓಡಿಸಿದರೆ ದಂಡ ತೆರಬೇಕು; ನಿಂತ ಕಾರಿನ ಎಂಜಿನ್ನನ್ನು ಬೆಚ್ಚಗಾಗಲೆಂದು ಸುಮ್ಮನೆ ಚಾಲೂ ಇಟ್ಟರೂ 80 ಯೂರೊ ದಂಡವಿದೆ. ಬ್ರಿಟನ್ನಿನ ರಸ್ತೆ ನಿಯಮಾವಳಿಯಾದ ಹೈವೇ ಕೋಡ್‌ನ 229ನೇ ನಿಯಮವು ಎಲ್ಲ ಗಾಜುಗಳ ಹಿಮವನ್ನೂ ಮಂಜುಗಡ್ಡೆಯನ್ನೂ ತೆಗೆಯಬೇಕೆನ್ನುತ್ತದೆ. ನಿಮ್ಮ ಮಿನ್ನೆಸೋಟದಲ್ಲಿಯೂ ದೃಷ್ಟಿಗೆ ಅಡ್ಡಿಯಾಗುವಷ್ಟು ಫ್ರಾಸ್ಟ್ ಇರುವ ಗಾಜಿನೊಂದಿಗೆ ವಾಹನ ಓಡಿಸುವುದು ಕಾನೂನುಬಾಹಿರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಕಾರಿನಲ್ಲಿ ರೀಸರ್ಕ್ಯುಲೇಷನ್ ಸದಾ ಆನ್ ಇರುತ್ತಿತ್ತು. ಇನ್ನೆರಡು ಸಂದೇಹಗಳಿವೆ: ಮಂಜುಗಡ್ಡೆ ಕರಗಿಸಲು ಅಂಗಡಿಯಲ್ಲಿ ಸಿಗುವ ಡಿ-ಐಸರ್ ಸ್ಪ್ರೇಯನ್ನು ಮನೆಯಲ್ಲೇ ತಯಾರಿಸಿಕೊಳ್ಳಬಹುದೇ? ಹಿಂದಿನ ಗಾಜನ್ನೂ ಇದೇ ರೀತಿ ಕೆರೆಯಬಹುದೇ?

ಉತ್ತರ 4: ಸೇಂಟ್ ಪಾಲ್, ಮಿನ್ನೆಸೋಟ

ತಯಾರಿಸಿಕೊಳ್ಳಬಹುದು ಮೇಡಂ. ಔಷಧಿ ಅಂಗಡಿಯಲ್ಲಿ ಸಿಗುವ 70 ಶೇಕಡಾ ರಬ್ಬಿಂಗ್ ಆಲ್ಕೋಹಾಲ್ (ಐಸೊಪ್ರೊಪೈಲ್ ಆಲ್ಕೋಹಾಲ್) ಎರಡು ಪಾಲಿಗೆ ಒಂದು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿಡಿ. ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಬೆಂಕಿಯಿಂದ ದೂರವಿಟ್ಟು, ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ತೆಳುವಾದ ಫ್ರಾಸ್ಟಿಗೆ ಅದು ಸಾಕು. ದಪ್ಪ ಗಡ್ಡೆಗೆ ಸ್ಕ್ರೇಪರ್ ಬೇಕೇ ಬೇಕು. ವೈಪರ್ ನೀರಿನ ಟ್ಯಾಂಕಿಗೂ ಮೈನಸ್ 20 ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 29 ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟದ ಚಳಿಗಾಲದ ದ್ರವವನ್ನೇ ಹಾಕಿಸಿ. ಆದರೆ ಗಾಜು ಬೆಚ್ಚಗಾಗುವ ಮೊದಲು ಅದನ್ನು ಚಿಮ್ಮಿಸಬೇಡಿ: ಅದರಲ್ಲಿರುವ ಆಲ್ಕೋಹಾಲ್ ಗಾಳಿಗೆ ಬೇಗ ಆರಿಹೋಗಿ, ಉಳಿದ ನೀರು ಓಡುವ ಕಾರಿನ ಗಾಜಿನ ಮೇಲೆಯೇ ಹೆಪ್ಪುಗಟ್ಟುತ್ತದೆ.

ಹಿಂದಿನ ಗಾಜಿನ ಹೊರಮೈಯನ್ನು ಧಾರಾಳವಾಗಿ ಕೆರೆಯಬಹುದು. ಅದನ್ನು ಬಿಸಿ ಮಾಡುವ ತೆಳುವಾದ ಅಡ್ಡಗೆರೆಗಳು ಒಳಮೈಯಲ್ಲಿರುತ್ತವೆ. ಅವುಗಳಲ್ಲಿ ಒಂದು ಎಲ್ಲಿಯಾದರೂ ತುಂಡಾದರೆ ಆ ಗೆರೆಯುದ್ದಕ್ಕೂ ಗಾಜು ಬಿಸಿಯಾಗುವುದಿಲ್ಲ. ಆದ್ದರಿಂದ ಒಳಗಡೆ ಸ್ಕ್ರೇಪರ್ ತಾಗಿಸದೆ, ಮೆತ್ತನೆಯ ಬಟ್ಟೆಯಿಂದ ಗೆರೆಗಳ ಜಾಡಿನಲ್ಲೇ ಅಡ್ಡವಾಗಿ ಒರೆಸಿ.