ಮೂರನೇ ಕ್ರಾಸ್ ನಿವಾಸಿಗಳು, ಸಪ್ತಾಪುರ, ಧಾರವಾಡ: ಚೇಂಬರ್ ಮತ್ತ ಉಕ್ಕೇತಿ

ನಂ. 11 (ಬೆಳಿಗ್ಗೆ 5:10): ರಾತ್ರಿ ಎರಡರಿಂದ ಒಳಚರಂಡಿ ಚೇಂಬರ್ ಉಕ್ಕಾಕತ್ತೇತಿ. ಮತ್ತ ಅದೇ, ಹುಣಸಿಗಿಡದ ಮುಂದಿಂದು. ಹೊಲಸ ನೀರು ಗೇಟ್ ದಾಟಿ ತುಳಸಿಕಟ್ಟಿ ತನಕ ಬಂದೈತಿ. ಹೊರಗ ಹೋಗೂಣಂದ್ರ ಗೇಟಿಗೆ ಅಡ್ಡ ಆರು ಬೈಕ್, ಎಲ್ಲಾ ಹ್ಯಾಂಡಲ್ ಲಾಕ್. ಸಾಕಾತು. ಇನ್ನ ಈ ಓಣ್ಯಾಗ ಒಂದೋ ಪಿ.ಜಿ. ಇರಬೇಕು, ಇಲ್ಲಾ ನಾವು ಇರಬೇಕು.

ನಂ. 11: ಫೋಟೋ ಹಾಕೀನಿ. ಶುಭೋದಯ ಹಾಕೂಕಿಂತ ಮೊದಲ ಇದನ್ನ ನೋಡ್ರಿ.

ನಂ. 2: 🌞 ಶುಭೋದಯ. ನಗುನಗುತ್ತಾ ದಿನ ಆರಂಭಿಸಿ, ನಲಿವು ನಿಮ್ಮ ಮನೆಬಾಗಿಲಿಗೆ ಹರಿದು ಬರಲಿ.

ನಂ. 9: ಹರದು ಬಂದದ ಬಿಡ್ರಿ.

ಮೂಲಿಮನಿ ಕಾಕಾ: ನಾ ಮೊದಲಿಂದ ಹೇಳ್ಲಿಕ್ಕತ್ತೇನಿ. ಯಾರ್ ಕೇಳ್ತಾರ?

ಮೂಲಿಮನಿ ಕಾಕಾ: ಮನಿ ಅಂತ ಪರವಾನಗಿ ತಗೊಂಡು ಮೂರು ಮಜಲಾ ಏರಿಸ್ಯಾರ. ಮಜಲಾಕ್ಕ ಆರು ರೂಮು. ರೂಮಿಗೆ ಮೂರು ಕಾಟು. ಲೆಕ್ಕಾ ಹಾಕ್ರಿ.

ಮೂಲಿಮನಿ ಕಾಕಾ: 54.

ಮೂಲಿಮನಿ ಕಾಕಾ: ಅವರು ಬರೂಕಿಂತ ಮೊದಲ ಈ ಚೇಂಬರ್ ಉಕ್ಕಿದ್ದು ಯಾರರ ನೋಡೀರೇನು?

ನಂ. 9: ನೋಡೇವಿ ಕಾಕಾ. ಸೆಪ್ಟಿಕ್ ಟ್ಯಾಂಕ್ ಮುಚ್ಚಿ ಎಲ್ಲಾರೂ ಲೈನಿಗೆ ಕೂಡಿಸಿದಾಗಿಂದ ಪ್ರತಿ ಮಳಿಗಾಲ ನೋಡ್ಲಿಕ್ಕತ್ತೇವಿ.

ಮೂಲಿಮನಿ ಕಾಕಾ: ಅದು ಬ್ಯಾರೆ ಕಥಿ.

ಪಿ.ಜಿ. ಮಾಲಕರು: ನಮಸ್ಕಾರ. ಎದ್ದ ಕೂಡಲೇ ನಮ್ಮ ಹೆಸರು. ರಾತ್ರಿ ಎರಡಕ್ಕ 54 ಹುಡುಗ್ರು ಒಮ್ಮೆಲೆ ಜಳಕಾ ಮಾಡಿದ್ರೇನ್ರಿ?

ನಂ. 2: ಪಿ.ಎಸ್.ಐ. ಪರೀಕ್ಷಾಕ್ಕ ಓದೂ ಹುಡುಗ್ರು ಸರ, ಅವರಿಗೆ ರಾತ್ರಿ ಎರಡು ಅಂದ್ರ ಮಧ್ಯಾಹ್ನ.

ಎಂಜಿನಿಯರ್ ಸರ್ (ನಿವೃತ್ತ): ಲೆಕ್ಕಾ ಹಾಕ್ರಿ ಅಂದ್ರಲ್ಲ, ಪೂರ್ತಿ ಹಾಕೂಣು. ಒಬ್ಬರಿಗೆ ದಿನಕ್ಕ 135 ಲೀಟರ್ ನೀರು, ಅದರಾಗ 80 ಪರ್ಸೆಂಟ್ ಚರಂಡಿಗೆ. 54 ಮಂದಿಗೆ ಸುಮಾರು 5,800 ಲೀಟರ್. ಐದು ಮಂದಿ ಇರೋ ಮನಿದು 540. ಅಂದ್ರ ಒಂದು ಪ್ಲಾಟಿನ್ಯಾಗ ಹತ್ತು ಹನ್ನೊಂದು ಮನಿ ನೀರು, ಒಪ್ಪೂ ಮಾತು. ಆದ್ರ ಅದು 24 ತಾಸಿನ್ಯಾಗ ಹಂಚಿ ಬರ್ತದ. ಬೆಳಿಗ್ಗೆ ಎಲ್ಲಾರೂ ನಳಾ ತಿರುವಿದ್ರೂ ಸೆಕೆಂಡಿಗೆ ಒಂದು ಲೀಟರ್ ದಾಟೂದು ಕಷ್ಟ. ನಮ್ಮ ಓಣಿ ಪೈಪು 6 ಇಂಚಿಂದು. ನೂರು ಅಡಿಗೆ ಒಂದು ಅಡಿ ಇಳುವು ಇದ್ರ ಸೆಕೆಂಡಿಗೆ 15 ಲೀಟರ್ ಒಯ್ತದ. ಮಂದಿ ಹೆಚ್ಚಾಗಿ ಪೈಪ್ ತುಂಬಿಲ್ಲ.

ಮೂಲಿಮನಿ ಕಾಕಾ: ಹಂಗಾರ ಉಕ್ಕಿದ್ದು ದೇವರ ಆಟೇನು?

ಎಂಜಿನಿಯರ್ ಸರ್: ಮಳಿ ಆಟ. 1,200 ಚದರಡಿ ತಾರಸಿ ಮ್ಯಾಲೆ ತಾಸಿಗೆ 50 ಮಿಲಿಮೀಟರ್ ಮಳಿ ಬಿದ್ರ 5,500 ಲೀಟರ್ ದಾಟ್ತದ. ಇಡೀ ಪಿ.ಜಿ. ದಿನವೆಲ್ಲಾ ಬಿಟ್ಟ ನೀರು ಒಂದು ತಾರಸಿಯಿಂದ ಒಂದು ತಾಸಿನ್ಯಾಗ. ಅಂಥ ಹತ್ತು ತಾರಸಿ ಪೈಪು ಒಳಚರಂಡಿಗೆ ಕೂಡಿದ್ರ 15 ಲೀಟರ್ ಅಲ್ಲೇ ಮುಗೀತು. ಸಂಡಾಸದ ನೀರಿಗೆ ಜಾಗಾನೇ ಉಳಿಯೂದಿಲ್ಲ. ಎಲ್ಲಕ್ಕಿಂತ ತಗ್ಗಿನ್ಯಾಗ ಇರೂದು ಹುಣಸಿಗಿಡದ ಚೇಂಬರ್, ಅದಕ್ಕ ಮೊದಲ ಅಲ್ಲೇ ಬಾಯಿ ಬಿಡ್ತದ.

ಪಿ.ಜಿ. ಮಾಲಕರು: ಕೇಳ್ರಿ ಕೇಳ್ರಿ. ಯಾರ ತಾರಸಿ ಪೈಪು ಎಲ್ಲಿ ಕೂಡೈತಿ ಅಂತ ಒಬ್ಬೊಬ್ಬರೂ ಹೇಳ್ರಿ ಈಗ. ನಮ್ಮದು ಹೊರಗ ಗಟಾರಕ್ಕ ಬೀಳ್ತೈತಿ, ಬಂದು ನೋಡ್ರಿ.

ಮೂಲಿಮನಿ ಕಾಕಾ: ವಿಷಯಾಂತರ ಬ್ಯಾಡ. ಬೈಕಿನ ಮಾತು ಮೊದಲ.

ನಂ. 6 (ಮೈಸೂರಿನವರು): ಸರ್, ವಿಷಯ ಚೇಂಬರ್ ಅಲ್ವಾ?

ಎಂಜಿನಿಯರ್ ಸರ್: ಪಿ.ಜಿ.ಯವರೂ ಪೂರ್ತಿ ಪಾರಾಗಂಗಿಲ್ಲ ಮತ್ತ. ಮೆಸ್ ಎಣ್ಣಿ ಎಲ್ಲಿ ಹೋಗ್ತದ? ಬಿಸಿ ಇದ್ದಾಗ ನೀರಿನಂಗ ಹರೀತದ, ಇಪ್ಪತ್ತು ಅಡಿ ಹೋದ ಮ್ಯಾಲೆ ತಣ್ಣಗಾಗಿ ಪೈಪಿನ ಗ್ವಾಡಿಗೆ ಹತ್ತತದ. ಅದಕ್ಕ ಅನ್ನದ ಅಗಳು, ಚಹಾಪುಡಿ ಅಂಟತಾವ. 6 ಇಂಚಿನ ಪೈಪು ಒಳಗ 3 ಇಂಚು ಉಳೀತದ. ಬಿಸಿನೀರು ಸುರುವಿದ್ರ ಸರಿ ಆಗ್ತದ ಅಂತಾರ ಅಡಗಿಯವರು. ಕಲ್ಲಾಗಿದ್ದು ಕರಗಿ ಮುಂದಿನ ಮನಿ ಮುಂದ ಮತ್ತ ಕಲ್ಲಾಗ್ತದ, ಅಷ್ಟೇ.

ನಂ. 11: ಏನ್ ಮಾಡೂದು ಅದನ್ನ ಹೇಳ್ರಿ ಸರ.

ಎಂಜಿನಿಯರ್ ಸರ್: ಪಾತ್ರಿ ತೊಳಿಯೂ ಜಾಗಕ್ಕೂ ಮೊದಲನೇ ಚೇಂಬರಿಗೂ ನಡುವ ಗ್ರೀಸ್ ಟ್ರ್ಯಾಪ್. ಇಟ್ಟಂಗಿ ಕಟ್ಟಡಾ, 3 ಅಡಿ ಉದ್ದ, 2 ಅಗಲ, 2 ಆಳ, ಒಳಗ ಸಿಮೆಂಟ್ ಪ್ಲಾಸ್ಟರ್. ನಡುವ ಒಂದು ಅಡ್ಡಗ್ವಾಡಿ, ಬುಡಕ್ಕ ಆರು ಇಂಚು ಸಂದು ಬಿಟ್ಟು. ಹೊರಗ ಹೋಗೂ ಪೈಪಿಗೆ ಟಿ ಹಾಕಿ, ಟಿ ಕೆಳಗಿನ ಕಾಲು ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗ ಇರಬೇಕು. ಎಣ್ಣಿ ಮ್ಯಾಲೆ ತೇಲ್ತದ, ನೀರು ಕೆಳಗಿಂದ ಹೋಗ್ತದ. ಟಿ ಹಾಕದ ನೇರ ಪೈಪ್ ಇಟ್ರ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ವಾರಕ್ಕೊಮ್ಮೆ ಮ್ಯಾಲಿನ ಕೆನಿ ತಗದು, ಬೂದಿ ಇಲ್ಲಾ ಕಟಗಿ ಹೊಟ್ಟಿನ್ಯಾಗ ಕಲಸಿ ಹಸಿ ಕಸಕ್ಕ ಹಾಕಬೇಕು.

ನಂ. 2: ಕೆನಿ ಅಂದ್ರಿ, ಇನ್ನ ಲೈನ್ ಬಜಾರ್ ಪೇಢಾ ತಿನ್ನೂದು ಹೆಂಗ ಸರ?

ಎಂಜಿನಿಯರ್ ಸರ್: ಇನ್ನೊಂದು. ಹುಣಸಿಗಿಡದ ಚೇಂಬರಿನ್ಯಾಗ ಎರಡು 4 ಇಂಚಿನ ಪೈಪು ಎದುರಾಬದುರು ಬಂದಾವ. ತಳಾ ಸಪಾಟ ಐತಿ. ಎರಡೂ ನೀರು ಡಿಕ್ಕಿ ಹೊಡದು ಗಟ್ಟಿ ಮಾಲು ಅಲ್ಲೇ ಕೂಡ್ತದ. ತಳದಾಗ ಸಿಮೆಂಟಿನ ಅರ್ಧವೃತ್ತದ ಕಾಲುವಿ ತಿದ್ದಿ, ಎರಡೂ ಬದಿಯಿಂದ ಇಳುವು ಕೊಟ್ಟು, ಪೈಪಿಗೆ ಉದ್ದ ಬೆಂಡ್ ಹಾಕಬೇಕು. ಒಬ್ಬ ಗೌಂಡಿಗೆ ಒಂದು ದಿನದ ಕೆಲಸ.

ನಂ. 11: ಇವತ್ತ ಯಾರನ್ನರ ಕರದು ಇಳಿಸೂಣೇನು? ಗೊತ್ತಿದ್ದವರು ಒಬ್ಬರದಾರ.

ನಂ. 6: ದಯವಿಟ್ಟು ಯಾರನ್ನೂ ಇಳಿಸಬೇಡಿ. ಕೈಯಿಂದ ಮಲ ಬಾಚಿಸೋದನ್ನ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ, ಕರೆಸಿದವರ ಮೇಲೆ ಕೇಸ್ ಬೀಳುತ್ತೆ. ಅದಕ್ಕಿಂತ ಮುಖ್ಯ, ಒಳಗಿರೋ ಗಾಳಿ ಎರಡು ಉಸಿರಲ್ಲಿ ಜೀವ ತೆಗೆಯುತ್ತೆ.

ಎಂಜಿನಿಯರ್ ಸರ್: ಹೌದು. ಪಾಲಿಕೆ ಜೆಟ್ಟಿಂಗ್ ಗಾಡಿನೇ ಬೇಕು, ಜೋರಾಗಿ ನೀರು ಹೊಡದು ಪೈಪ್ ತೊಳಿಯೂದು. ಕೆಳಗಿನ ಮ್ಯಾನ್‌ಹೋಲಿನಿಂದ ಪೈಪ್ ಬಿಟ್ಟು ಮ್ಯಾಲೆ ಬರಬೇಕು, ಮ್ಯಾಲಿಂದ ಕೆಳಗ ಹೊಡದ್ರ ಹೂಳು ಮುಂದ ಹೋಗಿ ಗಟ್ಟಿ ಕೂಡ್ತದ. ಆದ್ರ ಗಾಡಿ ಒಳಗ ಬರಾಕ ಹತ್ತು ಅಡಿ ರಸ್ತಿ ಖಾಲಿ ಬೇಕು.

ಮೂಲಿಮನಿ ಕಾಕಾ: ಬಂತಲ್ಲ ಬೈಕಿನ ಮಾತು! ಎಲ್ಲದರ ಬುಡ ಬೈಕು.

ಮೂಲಿಮನಿ ಕಾಕಾ: ಕೋಚಿಂಗ್ ಸೆಂಟರಿನವರು ಒಂದು ಗಾಡಿಗೆ ಜಾಗಾ ಬಿಟ್ಟಿಲ್ಲ. 24 ತಾಸಿನ ರೀಡಿಂಗ್ ರೂಮ್ ಬ್ಯಾರೆ. ಇವರ್ಯಾರೂ ಜಿ.ಎಸ್.ಟಿ. ಕಟ್ಟಂಗಿಲ್ಲ.

ಪಿ.ಜಿ. ಮಾಲಕರು: ತಿಂಗಳಿಗೆ ತಲಾ 20,000 ಒಳಗಿದ್ದು, ಹುಡುಗ್ರು 90 ದಿನಾ ಸತತ ಇದ್ರ ವಸತಿಗೆ ಜಿ.ಎಸ್.ಟಿ. ಇಲ್ಲ ಕಾಕಾ. 2024ರ ಜೂನಿನ್ಯಾಗ ಕೌನ್ಸಿಲ್ ತೀರ್ಮಾನಾ ಆಗೇತಿ. ಪೇಪರ್ ಓದ್ರಿ.

ಮೂಲಿಮನಿ ಕಾಕಾ: ಪೇಪರ್ ನಾ ಓದ್ತೇನಿ. ನೀವು ಪಾಲಿಕೆ ಟ್ರೇಡ್ ಲೈಸನ್ಸ್ ತೋರಿಸ್ರಿ.

ಪಿ.ಜಿ. ಮಾಲಕರು: ನೀವು ತಾರಸಿ ಪೈಪ್ ತೋರಿಸ್ರಿ.

(ಮೂಲಿಮನಿ ಕಾಕಾ ಅವರ ಸಂದೇಶವನ್ನು ಅಳಿಸಲಾಗಿದೆ)

ನಂ. 14: ನಡುವ ಬಂದದ್ದಕ್ಕ ಕ್ಷಮಿಸ್ರಿ. ಅಕ್ಕನ ಮಗಳಿಗೆ ಕರ್ನಾಟಕ ವಿಶ್ವವಿದ್ಯಾಲಯದಾಗ ಎಂ.ಎಸ್ಸಿ. ಸೀಟ್ ಸಿಕ್ಕೇತಿ. ರೂಮ್ ಬೇಕಿತ್ತು. ಚಿಗರಿ ಬಸ್ ಸ್ಟಾಪ್ ಹತ್ತಿರ ಇದ್ರ ಚಲೋ ಅಂತಾರ.

ನಂ. 11: ಇಲ್ಲೆ ಹೊಲಸಿನ್ಯಾಗ ನಿಂತೇವಿ, ನಿಮಗ ರೂಮ್ ಚಿಂತಿ.

ನಂ. 9: ಚಿಗರಿ ಕ್ಯಾಂಪಸ್ಸಿಗೆ ಹೋಗೂದಿಲ್ಲರಿ. ಅದು ಹುಬ್ಬಳ್ಳಿ ರಸ್ತಿದು, ಜುಬಿಲಿ ಸರ್ಕಲ್, ಟೋಲ್ ನಾಕಾ, ವಿದ್ಯಾಗಿರಿ, ಸತ್ತೂರು ಕಡೆ. ವಿಶ್ವವಿದ್ಯಾಲಯ ಊರಿನ ಇನ್ನೊಂದು ತುದಿ. ಚಿಗರಿ ನೋಡಿ ಗಾಂಧಿನಗರದಾಗ ರೂಮ್ ಹಿಡಿದ್ರ ದಿನಾ ಎರಡು ಬಸ್ಸು. ವಿದ್ಯಾಗಿರಿ, ಸತ್ತೂರು ಕಡೆ ಕಾಲೇಜಿದ್ದವರಿಗೆ ಅದು ಸರಿ. ಆಕಿಗೆ ಶ್ರೀನಗರ ಸರ್ಕಲ್, ಕಲ್ಯಾಣನಗರ, ಇಲ್ಲಾ ಇಲ್ಲೇ ಸಪ್ತಾಪುರ ಬಾವಿ ಸುತ್ತಮುತ್ತ ನೋಡ್ರಿ. ನಡಕೊಂಡು ಹೋಗಬಹುದು, ಮಳಿ ಬಂದ್ರ ಸಿಟಿ ಬಸ್ ನಿಲ್ದಾಣದಿಂದ (ಸಿ.ಬಿ.ಟಿ.) ಬರೂ ಸಾದಾ ಬಸ್ಸು ಅದ. ಶಕ್ತಿ ಯೋಜನಾದಾಗ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ, ರಾಜ್ಯದ ವಿಳಾಸ ಇರೂ ಗುರುತಿನ ಚೀಟಿ ಅಷ್ಟ ಇರಲಿ.

ನಂ. 6: ಮೊದಲು ವಿಶ್ವವಿದ್ಯಾಲಯದ ಹಾಸ್ಟೆಲ್‌ಗೆ ಅರ್ಜಿ ಹಾಕಿಸಿ, ಅಡ್ಮಿಷನ್ ದಿನವೇ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗೆ ಬೇರೆ ಅರ್ಜಿ, ಅದು ಆನ್‌ಲೈನ್. ಜಾತಿ, ಆದಾಯ ಪತ್ರದ ಆರ್.ಡಿ. ನಂಬರ್ ಇಟ್ಕೊಂಡಿರಿ. ಸೀಟ್ ಸಿಗದಿದ್ದರೆ ವಿದ್ಯಾಸಿರಿಗೆ (ಊಟ, ವಸತಿಗೆ ಸರ್ಕಾರದ ಸಹಾಯಧನ) ಹಾಕಬಹುದು. ಖಾಸಗಿ ರೂಮ್ ಕೊನೆಗೆ.

ಪಿ.ಜಿ. ಮಾಲಕರು: ನಮ್ಮದು ಗಂಡುಹುಡುಗ್ರದು. ಆದ್ರ ನೋಡೂದು ಹೆಂಗ ಅಂತ ಹೇಳ್ತೀನಿ, ನಮ್ಮ ಧಂದೆ ನಮಗ ಗೊತ್ತು. ಮಧ್ಯಾಹ್ನ ಹೋಗಬ್ಯಾಡ್ರಿ, ಬೆಳಿಗ್ಗೆ ಏಳಕ್ಕ ಹೋಗ್ರಿ. ಆಗ ಸಂಡಾಸಿನ ಮುಂದ ಎಷ್ಟು ಮಂದಿ ನಿಂತಾರ ಕಾಣ್ತೈತಿ. ಒಂದಕ್ಕ ಎಂಟು ಮಂದಿಗಿಂತ ಜಾಸ್ತಿ ಇದ್ರ ಬಿಟ್ಟುಬಿಡ್ರಿ. ಮ್ಯಾಲಿನ ಮಜಲಾದ ನಳಾ ತಿರುವ್ರಿ. ನೀರು ಬಿಡೂ ದಿನ ಯಾವುದು, ನೆಲದ ಟಾಕಿ ಎಷ್ಟು ಲೀಟರಿಂದು ಕೇಳ್ರಿ. 24 ತಾಸು ನೀರು ಅಂತ ಬೋರ್ಡ್ ಇದ್ರ ಅದು ಟಾಕಿ ನೀರೋ ಪಾಲಿಕೆ ಲೈನೋ ಅಂತ ಕೇಳ್ರಿ, ಎರಡೂ ಬ್ಯಾರೆ ಬ್ಯಾರೆ.

ನಂ. 9: ಕಿಟಕಿ ಇಲ್ಲದ ರೂಮ್ ಬ್ಯಾಡೇ ಬ್ಯಾಡ. ಪ್ಲೈವುಡ್ ಹೊಡದು ಒಂದು ಹಾಲ್ ಮೂರು ರೂಮ್ ಮಾಡಿರ್ತಾರ, ಧಾರವಾಡ ಮಳ್ಯಾಗ ಅರಿವಿ ಒಣಗೂದಿಲ್ಲ, ಪುಸ್ತಕಕ್ಕ ಬೂಷ್ಟು ಬರ್ತದ.

ನಂ. 6: ಡಿಪಾಸಿಟ್ ಕೊಟ್ಟ ದಿನವೇ ರಸೀದಿ. ಕರೆಂಟಿಗೆ ಸಬ್‌ಮೀಟರ್ ಇದ್ದರೆ ಮೊದಲ ದಿನದ ರೀಡಿಂಗ್ ಫೋಟೋ ತೆಗೆದಿಡಿ. ಕರಾರು 11 ತಿಂಗಳಿಗೆ ಬರೆಯುತ್ತಾರೆ, ವರ್ಷ ದಾಟಿದರೆ ನೋಂದಣಿ ಕಡ್ಡಾಯ ಅನ್ನೋ ಕಾರಣಕ್ಕೆ. ಬಿಡೋಕೆ ಎಷ್ಟು ದಿನ ಮುಂಚೆ ಹೇಳಬೇಕು, ನಡುವೆ ಬಿಟ್ಟರೆ ಎಷ್ಟು ಕಡಿತ, ಎರಡೂ ಅದರಲ್ಲಿರಲಿ. ಬಾಯಿಮಾತಿನ 'ಪೇಂಟಿಂಗ್ ಚಾರ್ಜು' ಒಪ್ಪಬೇಡಿ.

ಮೂಲಿಮನಿ ಕಾಕಾ: ನೋಡ್ರಿ, ಇವರೇ ಹುಡುಗ್ರನ್ನ ಕರಸ್ತಾರ, ಇವರೇ ಬೈಕ್ ಅಂತ ಬಯ್ತಾರ.

ನಂ. 9: ಬಯ್ಯೂದು ನೀವು ಕಾಕಾ.

ನಂ. 2: ಫಾರ್ವರ್ಡ್ ಆಗಿದ್ದು: ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಮೆಂತ್ಯ ನೀರು ಕುಡಿದರೆ 14 ರೋಗ ಮಾಯ. ಹತ್ತು ಜನಕ್ಕೆ ಕಳಿಸಿ.

ನಂ. 11: ಚೇಂಬರಿಗೆ ಸುರುವ್ರಿ ಆ ಮೆಂತ್ಯ ನೀರು.

ಅಡ್ಮಿನ್: ಎಲ್ಲರಿಗೂ ವಿನಂತಿ, ಸಮಾಧಾನ. ತೀರ್ಮಾನ ಮಾಡೂಣು. ಎಂಜಿನಿಯರ್ ಸರ್, ಕ್ರಮವಾಗಿ ಹೇಳ್ರಿ.

ಎಂಜಿನಿಯರ್ ಸರ್: ಇವತ್ತ ಪಾಲಿಕೆಗೆ ದೂರು, ದೂರಿನ ನಂಬರ್ ಗುಂಪಿನ್ಯಾಗ ಹಾಕ್ರಿ, ಇಲ್ಲಾಂದ್ರ ನಾಳೆ ಕೇಳಾಕ ಆಧಾರ ಇರೂದಿಲ್ಲ. ಗಾಡಿ ಬರೂ ಹಿಂದಿನ ರಾತ್ರಿ ಎಲ್ಲಾ ಬೈಕು ನಂ. 4ರ ಖಾಲಿ ಪ್ಲಾಟಿಗೆ. ಆಮ್ಯಾಲೆ ಪ್ರತಿ ಮನಿ ಪರೀಕ್ಷೆ. ತಾರಸಿ ಪೈಪಿಗೆ ಒಂದು ಬಕೆಟ್ ಅರಿಷಿಣ ನೀರು ಸುರುವೂದು, ಚೇಂಬರ್ ಮುಚ್ಚಳ ತಗದು ನೋಡೂದು. ಹಳದಿ ಬಂದ್ರ ಆ ಪೈಪು ಕತ್ತರಿಸಿ ಹೊರಗಿನ ಗಟಾರಕ್ಕ ತಿರುವೂದು. 4 ಇಂಚಿನ ಒಂದು ಬೆಂಡ್, ಹತ್ತು ಅಡಿ ಪೈಪ್, ಎರಡು ಕ್ಲ್ಯಾಂಪು, ಸಾಲ್ವೆಂಟ್. ಮನಿಗೆ ಅರ್ಧ ದಿನದ ಕೆಲಸ. ಪಿ.ಜಿ.ಯವರು ಗ್ರೀಸ್ ಟ್ರ್ಯಾಪ್ ಕಟ್ಟಬೇಕು.

ಪಿ.ಜಿ. ಮಾಲಕರು: ಎಲ್ಲಾರೂ ಪೈಪ್ ತಿರುವಿದ ದಿನ ನಾನೂ ಕಟ್ಟತೀನಿ.

ನಂ. 11: ಶುರು ಎಲ್ಲಿಂದ ಸರ?

ಎಂಜಿನಿಯರ್ ಸರ್: ಮ್ಯಾಲಿನ ತುದಿಯಿಂದ. ಅಂದ್ರ ಮೂಲಿ ಮನಿಯಿಂದ.

ಮೂಲಿಮನಿ ಕಾಕಾ: ನಮ್ಮ ಮನಿ ಮುಂದ ಈಗಷ್ಟೇ ಟೈಲ್ಸ್ ಹಾಕ್ಸೇವಿ. ಈಗ ಒಡಿಯೂದು ಸಾಧ್ಯ ಇಲ್ಲ. ಕೆಳಗಿಂದ ಶುರು ಮಾಡ್ರಿ.

ನಂ. 9: 🙂

ನಂ. 11: ದೂರು ಕೊಟ್ಟೀನಿ. ಗಾಡಿ ಮೂರು ದಿನದಾಗ ಬರ್ತೈತಿ ಅಂದ್ರು. ಬೈಕ್ ತಗಸೂ ಜವಾಬ್ದಾರಿ ನಮ್ಮದಂತ.

ಅಡ್ಮಿನ್: ಹಂಗಾರ ಭಾನುವಾರ ಸಂಜಿ 5ಕ್ಕ ಹುಣಸಿಗಿಡದ ಹತ್ತಿರ ಸಭೆ. ಎಲ್ಲರೂ ಬರಬೇಕು.

ನಂ. 14: ಅಲ್ಲೇ ವಾಸನಿ ಐತಲ್ರಿ, ಎಲ್ಲಿ ಕೂಡೂದು?

ಮೂಲಿಮನಿ ಕಾಕಾ: ಅದಕ್ಕ ನೋಡ್ರಿ, ಮುಖ್ಯ ವಿಷಯ ಮರತೇ ಬಿಟ್ಟಿದ್ವಿ. ಗಣಪತಿ ಪೆಂಡಾಲ್ ಪ್ರತಿ ವರ್ಷ ಹುಣಸಿಗಿಡದ ಕೆಳಗ. ಈ ಸಲ ಅಲ್ಲಿ ಕೂಡ್ಸೂದು ಹೆಂಗ?

ನಂ. 2: ನಂ. 4ರ ಖಾಲಿ ಪ್ಲಾಟ್ ಅದಲ್ಲ. ಅಲ್ಲಿ ಹಾಕೂಣು. ಚಲೋ ಜಾಗಾ.

ಅಡ್ಮಿನ್: ಉತ್ತಮ ಸಲಹೆ. 👍

ನಂ. 14: 👍

ಮೂಲಿಮನಿ ಕಾಕಾ: 👍 ಈಗಿಂದೀಗ ಕಂಬಾ ನಡಿಸಿಬಿಡೂಣು. ಭಾನುವಾರದ ಸಭೆ ಅದಕ್ಕ ಇರಲಿ.

ಎಂಜಿನಿಯರ್ ಸರ್: ಅಲ್ರಿ, ಗಾಡಿ ಬರೂ ದಿನ ಬೈಕ್ ನಿಲ್ಲಿಸೂದು ಆ ಪ್ಲಾಟಿನ್ಯಾಗಂತ ಈಗಷ್ಟೇ ಅಂದ್ವಲ್ಲ.

ಮೂಲಿಮನಿ ಕಾಕಾ: ಹಬ್ಬಾ ಮುಗೀಲಿ ಸರ, ನೋಡೂಣು.

ನಂ. 6: ಪೆಂಡಾಲ್ ಸ್ಪೀಕರ್ ರಾತ್ರಿ ಹತ್ತಕ್ಕೆ ಬಂದ್ ಆಗಲಿ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45.

ಮೂಲಿಮನಿ ಕಾಕಾ: ಪಟ್ಟಿ ಮನಿಗೆ 500. ಪಿ.ಜಿ.ಯವರು ರೂಮಿನ ಲೆಕ್ಕದಾಗ ಕೊಡಬೇಕು. 18 ರೂಮು.

ಪಿ.ಜಿ. ಮಾಲಕರು: ಮನಿ ಅಂತ ಪರವಾನಗಿ ಐತಿ ಅಂತ ನೀವ ಅಂದೀರಿ. ಒಂದು ಮನಿ, 500.

ನಂ. 11: ಚೇಂಬರ್ ಇನ್ನೂ ಉಕ್ಕಾಕತ್ತೇತ್ರಿ.

ನಂ. 2: ಹುಡುಗ್ರು ಮೂರ್ತಿ ಹೊರಾಕ ಬರ್ತಾರಲ್ಲ ಮತ್ತ?

ಅಡ್ಮಿನ್: ಪೆಂಡಾಲಿಗೆ ಕರೆಂಟ್ ತಾತ್ಕಾಲಿಕ ಕನೆಕ್ಷನ್ ಬೇಕು. ಅರ್ಜಿ ಯಾರು ಕೊಡ್ತೀರಿ? ಹೆಸರು ಹೇಳ್ರಿ.