ಸಹಾಯ ಬೇಕು: ನಲಿ-ಕಲಿ ಮಕ್ಕಳಿಗೆ ಸೇಫ್ ಇಂಟರ್ನೆಟ್ ಹೇಗೆ?

ಎಲ್ಲಾ ಟೀಚರ್ಸ್‌ಗೂ ನಮಸ್ಕಾರ. ನಮ್ದು ಹಳ್ಳಿ ಸರ್ಕಾರಿ ಶಾಲೆ, ನಾನು ಒಂದರಿಂದ ಮೂರನೇ ಕ್ಲಾಸ್ ನಲಿ-ಕಲಿ ತಗೋತೀನಿ. ದಾನಿಗಳು ಕೊಟ್ಟಿರೋ ಎರಡು ಹಳೇ ಲ್ಯಾಪ್‌ಟಾಪ್ ಇದೆ, ನೆಟ್ ನನ್ನ ಮೊಬೈಲ್ ಹಾಟ್‌ಸ್ಪಾಟ್‌ದೇ. ಮೊನ್ನೆ ಮಕ್ಕಳಿಗೆ ನವಿಲು ಗರಿ ಬಿಚ್ಚೋ ವಿಡಿಯೋ ತೋರಿಸ್ತಿದ್ದೆ, ಅದು ಮುಗೀತಿದ್ದಂಗೆ ತಾನೇ ಇನ್ನೊಂದು ಶುರುವಾಯ್ತು, ಯಾರನ್ನೋ ಹೊಡೆಯೋದು ರಕ್ತ ಎಲ್ಲಾ, ನಾನು ಮುಚ್ಚೋಷ್ಟರಲ್ಲಿ ಮುಂದೆ ಕೂತಿದ್ದ ಪುಟ್ಟಿ ಎರಡೂ ಕೈಯಲ್ಲಿ ಕಣ್ಣು ಮುಚ್ಕೊಂಡ್‌ಬಿಟ್ಳು. ತುಂಬಾ ಬೇಜಾರಾಯ್ತು.

ಈಗ ಆಟೋಪ್ಲೇ ಆಫ್ ಮಾಡಿದೀನಿ, ಗೂಗಲ್ ಸೇಫ್‌ಸರ್ಚ್ (ಹುಡುಕಿದಾಗ ಅಶ್ಲೀಲ ಫಲಿತಾಂಶ ತಡೆಯೋ ಸೆಟ್ಟಿಂಗ್) ಆನ್ ಇದೆ, ಲ್ಯಾಪ್‌ಟಾಪ್ ಡಿಎನ್‌ಎಸ್‌ಗೆ (ಸೈಟ್ ಹೆಸರಿಂದ ಅದರ ನೆಟ್ ವಿಳಾಸ ಹುಡುಕಿಕೊಡೋ ವ್ಯವಸ್ಥೆ) ಕ್ಲೌಡ್‌ಫ್ಲೇರ್ ಕಂಪನಿಯ ಫ್ಯಾಮಿಲಿ ಸೇವೆದು 1.1.1.3 ಮತ್ತೆ 1.0.0.3 ಹಾಕಿದೀನಿ. ಅದು ಫ್ರೀ, ಅಶ್ಲೀಲ ಸೈಟ್ ಮತ್ತೆ ವೈರಸ್ ಸೈಟ್ ಬಹುತೇಕ ಓಪನ್ ಆಗಲ್ಲ. ಆದ್ರೆ ಅದು ಸೈಟ್ ಹೆಸರು ನೋಡಿ ತಡೆಯೋದು, ಒಂದೇ ಸೈಟ್ ಒಳಗಿರೋ ಕೆಟ್ಟ ವಿಡಿಯೋನ ಬೇರೆ ಮಾಡಲ್ಲ, ನಮ್ ಸಮಸ್ಯೆ ಇರೋದೇ ಅಲ್ಲಿ.

ನಾನು ಹೇಳಿದ ನಾಲ್ಕೈದು ಸೈಟ್ ಮಾತ್ರ ತೆರೀಬೇಕು, ಮಿಕ್ಕಿದ್ದೆಲ್ಲಾ ಬಂದ್, ಹಂಗೆ ಮಾಡೋಕೆ ಫ್ರೀ ಟೂಲ್ ಯಾವ್ದಿದೆ? ಉಬುಂಟುನಲ್ಲಿ (ವಿಂಡೋಸ್ ತರದ ಫ್ರೀ ಆಪರೇಟಿಂಗ್ ಸಿಸ್ಟಮ್) ನಡೀಬೇಕು. ಕಿವಿಕ್ಸ್ ಅನ್ನೋ ಫ್ರೀ ಆಫ್‌ಲೈನ್ ಓದೋ ಆ್ಯಪ್ ಹಾಕಿ ಕನ್ನಡ ವಿಕಿಪೀಡಿಯ ನೆಟ್ ಇಲ್ದೇನೇ ಓದಿಸ್ಬಹುದಂತಲ್ಲ, ಯಾರಾದ್ರೂ ಕ್ಲಾಸಲ್ಲಿ ಬಳಸ್ತಿದೀರಾ, 2 ಜಿಬಿ ರ‍್ಯಾಮ್‌ನಲ್ಲಿ ಓಡುತ್ತಾ? ನೆಟ್ಟೇ ಬೇಡ ಅನ್ನೋ ಸಲಹೆ ದಯವಿಟ್ಟು ಬೇಡ, ಈ ಮಕ್ಕಳ ಮನೇಲಿ ಕಂಪ್ಯೂಟರ್ ಇಲ್ಲ, ನೋಡೋದು ಇಲ್ಲೇ. ಮಾಡಿ ನೋಡಿದವ್ರು ಸ್ಟೆಪ್ ಕನ್ನಡದಲ್ಲಿ ಬರೆದು ಹಾಕಿ, ಸೋಮವಾರದೊಳಗೆ ಸಿಕ್ಕಿದ್ರೆ ತುಂಬಾ ಉಪಕಾರ ಆಗುತ್ತೆ.