ಅಪ್‌ಡೇಟ್: ಬಾಲದ ತುದಿ ಇಲ್ಲದ ಶಾರ್ಕಿನ ಪೂರ್ತಿ ಉದ್ದ

ಬೆಂಗಳೂರಿನ ಮೀನು ಮಾರುಕಟ್ಟೆಗೆ ಬಾಲದ ತುದಿ ಕತ್ತರಿಸಿಕೊಂಡು ಬರುವ ಶಾರ್ಕಿನ ಪೂರ್ತಿ ಉದ್ದ ಅಂದಾಜಿಸುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ, ಲೆಕ್ಕ ಸರಿಹೋಯಿತು.

ಮೂತಿಯ ತುದಿಯಿಂದ ಬಾಲ ಕವಲೊಡೆಯುವ ಸಂದಿನವರೆಗಿನ ಅಳತೆ (ಕವಲಿನ ಉದ್ದ) ಸಿಕ್ಕರೆ ಸಾಕು. ಆದರೆ ಜಾತಿ ಮೊದಲು ಖಚಿತವಾಗಬೇಕು. 1995ರಲ್ಲಿ ಪ್ರಕಟವಾದ ವಾಯವ್ಯ ಅಟ್ಲಾಂಟಿಕ್‌ನ ಸಮೀಕರಣದಂತೆ ನೀಲಿ ಶಾರ್ಕಿಗೆ ಕವಲಿನ ಉದ್ದ = 0.8313 × ಪೂರ್ತಿ ಉದ್ದ + 1.3908 (ಸೆಂ.ಮೀ.). ಕವಲಿನ ಉದ್ದ 150 ಇದ್ದರೆ 1.3908 ಕಳೆದು 0.8313ರಿಂದ ಭಾಗಿಸಿ: ಸುಮಾರು 179. ಅದೇ 150, ಉದ್ದ ಬಾಲದ ಥ್ರೆಶರ್ ಶಾರ್ಕಿಗೆ (0.8313ರ ಬದಲು 0.5474, 1.3908ರ ಬದಲು 7.0262) 261! ಜಾತಿ ತಪ್ಪಿದರೆ 82 ಸೆಂ.ಮೀ. ಎಡವಟ್ಟು. ನಮ್ಮ ಕಡಲಿನ ಮೀನಿಗೆ ಇಲ್ಲಿನದೇ ಸಮೀಕರಣ ಸಿಕ್ಕರೆ ಅದನ್ನೇ ಹಿಡಿಯಿರಿ.

ಟೇಪನ್ನು ಬೆನ್ನಿನ ಉಬ್ಬಿನ ಮೇಲೆ ಹಾಯಿಸಬಾರದು, ಅಳತೆ ಹಿಗ್ಗುತ್ತದೆ. ಮೀನಿನ ಪಕ್ಕದಲ್ಲಿ ನೆಲದ ಮೇಲೆ ನೇರ ಎಳೆಯಿರಿ.

ತಲೆಯೂ ಇಲ್ಲದಿದ್ದರೆ ಬೆನ್ನಿನ ಎರಡು ಈಜುರೆಕ್ಕೆಗಳ ಬುಡಗಳ ಮುಂತುದಿಗಳ ನಡುವಿನ ದೂರವನ್ನು ಆ ಜಾತಿಯ ಗುಣಕದಿಂದ ಗುಣಿಸಿ ಅಂದಾಜಿಸಬಹುದು. ಗುಣಕ 4 ಆದರೆ 1 ಸೆಂ.ಮೀ. ತಪ್ಪು 4 ಆಗುತ್ತದೆ, ಎಚ್ಚರ.

ಚಾಟಿಬಾಲದ ತೊರಕೆಗೆ (ಶಾರ್ಕಿನ ಸಂಬಂಧಿಯಾದ ಚಪ್ಪಟೆ ಮೀನು) ಪೂರ್ತಿ ಉದ್ದ ಬೇಡವೇ ಬೇಡ, ಬಾಲ ಮುರಿದಿರುವುದೇ ಹೆಚ್ಚು. ರೆಕ್ಕೆಯ ತುದಿಯಿಂದ ತುದಿಗೆ ಅಗಲ ತೆಗೆದುಕೊಳ್ಳಿ. ಒಂದು ರೆಕ್ಕೆ ಹೋಗಿದ್ದರೆ ನಡುಗೆರೆಯಿಂದ ಇನ್ನೊಂದರ ತುದಿಗೆ ಅಳೆದು ಇಮ್ಮಡಿಸಿ.